ಒಂದು ಪ್ರಕರಣಕ್ಕೆ ಸರಿಯಾದ ಅಪರಾಧ ಸಿದ್ಧಾಂತ ಹುಡುಕುವುದು ಹೇಗೆ

ಜನ ಅಪರಾಧ ಯಾಕೆ ಮಾಡುತ್ತಾರೆ ಎಂದು ಯಾರನ್ನೇ ಕೇಳಿ, ಬಡತನ, ಕೆಟ್ಟ ಸಹವಾಸ, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲದ್ದು ಎಂಬ ಮೂರು ಉತ್ತರ ಥಟ್ಟನೆ ಬರುತ್ತವೆ. ಮೂರರ ಹಿಂದೆಯೂ ಒಂದೊಂದು ಗಟ್ಟಿ ಸಿದ್ಧಾಂತವಿದೆ. ತೊಂದರೆ ಇರುವುದು ಮೂರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ವರದಿ ಮುಗಿಸುವುದರಲ್ಲಿ. ಎಲ್ಲದಕ್ಕೂ ಹೊಂದುವ ವಿವರಣೆ ಏನನ್ನೂ ವಿವರಿಸುವುದಿಲ್ಲ. ಅಪರಾಧಶಾಸ್ತ್ರದ ಪ್ರಾಜೆಕ್ಟ್, ಸಮಾಜಕಾರ್ಯದ ಪ್ರಕರಣ ಅಧ್ಯಯನ ಅಥವಾ ಅಪರಾಧ ತಡೆಯ ಯೋಜನೆ ಬರೆಯುವವರು ಸಿದ್ಧಾಂತವನ್ನು ಆರಿಸುವ, ಪರೀಕ್ಷಿಸುವ, ಬೇಕಾದರೆ ಕೈಬಿಡುವ ಕ್ರಮ ಇಲ್ಲಿದೆ.

ಮೊದಲು ಕೃತ್ಯವನ್ನು ಕಿರಿದು ಮಾಡಿ

‘ಕಳ್ಳತನ ಹೆಚ್ಚಾಗಿದೆ’ ಎಂಬುದರಿಂದ ಕೆಲಸ ಶುರು ಮಾಡಲಾಗದು. ಅಂಗಡಿಯಿಂದ ಚಾಕೊಲೇಟ್ ಎತ್ತುವುದು, ಮನೆಯ ಬೀಗ ಒಡೆಯುವುದು, ಕಚೇರಿಯ ಲೆಕ್ಕ ತಿದ್ದುವುದು ಮೂರೂ ಕಳ್ಳತನವೇ. ಆದರೆ ಮಾಡುವವರು ಬೇರೆ, ಬೇಕಾದ ಕೌಶಲ ಬೇರೆ, ಸಿಗುವ ಅವಕಾಶ ಬೇರೆ. ಯಾವ ಕೃತ್ಯ, ಯಾವ ವಸ್ತುವಿನ ಅಥವಾ ಯಾರ ಮೇಲೆ, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬ ನಾಲ್ಕು ಅಂಶಗಳು ಒಂದೇ ವಾಕ್ಯದಲ್ಲಿ ಬರುವಂತೆ ಬರೆಯಿರಿ. ‘ವಿದ್ಯಾಸಂಸ್ಥೆಯ ಸ್ಟ್ಯಾಂಡಿನಲ್ಲಿ ಹಗಲು ಹೊತ್ತು ಬೀಗ ಹಾಕಿ ನಿಲ್ಲಿಸಿದ ಸೈಕಲ್‌ಗಳ ಕಳವು’ ಎಂದು ಬರೆದುಕೊಂಡರೆ ಹುಡುಕಲು ಏನೋ ಸಿಕ್ಕಿತು.

ಆಮೇಲೆ ನಿಮ್ಮ ಪ್ರಶ್ನೆ ಯಾವ ಜಾತಿಯದು ಎಂದು ತೀರ್ಮಾನಿಸಿ. ಒಬ್ಬ ವ್ಯಕ್ತಿ ಈ ದಾರಿ ಹಿಡಿದದ್ದು ಯಾಕೆ? ಒಂದು ಬಡಾವಣೆಯಲ್ಲಿ ದರ ಹೆಚ್ಚಿರುವುದು ಯಾಕೆ? ಈ ಘಟನೆ ಇಲ್ಲೇ, ಈ ಹೊತ್ತಿನಲ್ಲೇ ನಡೆದದ್ದು ಯಾಕೆ? ಇದನ್ನು ಅಪರಾಧ ಎಂದು ಹೆಸರಿಸಿದವರು ಯಾರು, ಅದರಿಂದ ಏನಾಯಿತು? ನಾಲ್ಕಕ್ಕೂ ಸಿದ್ಧಾಂತಗಳ ಗುಂಪು ಬೇರೆ ಬೇರೆ. ವಿದ್ಯಾರ್ಥಿಗಳ ವರದಿಗಳಲ್ಲಿ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇಲ್ಲಿಯೇ. ಬಡಾವಣೆಯ ಅಂಕಿಅಂಶ ಹಿಡಿದು ವ್ಯಕ್ತಿಯ ಮನಸ್ಸಿನ ಬಗ್ಗೆ ತೀರ್ಪು ಕೊಟ್ಟುಬಿಡುತ್ತಾರೆ. ವಲಸಿಗರು ಹೆಚ್ಚಿರುವ ಪ್ರದೇಶದಲ್ಲಿ ಕಳವು ಹೆಚ್ಚು ಎಂದಾಕ್ಷಣ ಕದ್ದವರು ವಲಸಿಗರು ಎಂದಾಗುವುದಿಲ್ಲ. ಅವರೇ ಕಳೆದುಕೊಂಡವರೂ ಆಗಿರಬಹುದು. ಗುಂಪಿನ ಮಟ್ಟದ ಸಂಬಂಧ ವ್ಯಕ್ತಿಯ ಮಟ್ಟದಲ್ಲಿ ತಲೆಕೆಳಗಾಗಲೂಬಹುದು ಎಂಬುದನ್ನು ಡಬ್ಲ್ಯೂ. ಎಸ್. ರಾಬಿನ್ಸನ್ 1950ರಲ್ಲೇ ತೋರಿಸಿದ್ದರು.

ಪ್ರದೇಶದ ಪ್ರಶ್ನೆಗೆ ಒಳ್ಳೆಯ ಮಾದರಿ ಶಿಕಾಗೊದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೆ ಅವರ ಕೆಲಸ. ಬಾಲಾಪರಾಧಿಗಳ ವಿಳಾಸಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ, ನಗರದ ಕೇಂದ್ರಕ್ಕೆ ಅಂಟಿಕೊಂಡ ಬಡಾವಣೆಗಳಲ್ಲಿ ದರ ದಶಕಗಳ ಕಾಲ ಹೆಚ್ಚೇ ಉಳಿದದ್ದು ಕಂಡಿತು. ಅಷ್ಟರಲ್ಲಿ ಅಲ್ಲಿ ವಾಸಿಸುವ ಸಮುದಾಯಗಳು ಒಂದಾದ ಮೇಲೊಂದು ಬದಲಾಗಿದ್ದವು. ಜನ ಬದಲಾದರೂ ದರ ಬದಲಾಗದಿದ್ದರೆ ಕಾರಣವನ್ನು ಜನಾಂಗದಲ್ಲಿ ಹುಡುಕಿ ಫಲವಿಲ್ಲ. ಬಡತನ, ಪದೇ ಪದೇ ಮನೆ ಬದಲಿಸುವ ನಿವಾಸಿಗಳು, ನೆರೆಹೊರೆಯ ಹಿಡಿತ ಸಡಿಲವಾದದ್ದು, ಇವುಗಳಲ್ಲಿ ಹುಡುಕಬೇಕು. 1942ರಲ್ಲಿ ಪ್ರಕಟವಾದ ಈ ವಾದದ ಬಲ ಅದರ ತರ್ಕದಲ್ಲಿದೆ: ಎದುರಾಳಿ ವಿವರಣೆಯೊಂದನ್ನು ಅದು ಹೊರಗಟ್ಟಿತು.

ಅಂಕಿಗಳು ಏನನ್ನು ಅಡಗಿಸುತ್ತವೆ

ಪೊಲೀಸ್ ದಾಖಲೆ, ಸಂತ್ರಸ್ತರ ಸಮೀಕ್ಷೆ, ತಾವೇ ಮಾಡಿದ್ದನ್ನು ಹೆಸರು ಹೇಳದೆ ಒಪ್ಪಿಕೊಳ್ಳುವ ಸ್ವಯಂವರದಿ ಸಮೀಕ್ಷೆ, ಹೀಗೆ ಮಾಹಿತಿಯ ಮೂಲ ಮುಖ್ಯವಾಗಿ ಮೂರು. ದೂರು ಕೊಟ್ಟದ್ದು ಮತ್ತು ಪೊಲೀಸರು ಬರೆದುಕೊಂಡದ್ದು ಮಾತ್ರ ಮೊದಲನೆಯದರಲ್ಲಿ ಸಿಗುತ್ತದೆ. ವಿಮೆ ಇರುವ ವಾಹನ ಕಳುವಾದರೆ ದೂರು ಬಂದೇ ಬರುತ್ತದೆ, ಮನೆಯೊಳಗಿನ ಹೊಡೆತ ಬಹಳ ಸಲ ಹೊಸ್ತಿಲು ದಾಟುವುದಿಲ್ಲ. ಸಂತ್ರಸ್ತರ ಸಮೀಕ್ಷೆಗೆ ಕೊಲೆ ಸಿಗದು. ಸ್ವಯಂವರದಿ ಶಾಲಾ ಮಕ್ಕಳ ಸಣ್ಣಪುಟ್ಟ ತಪ್ಪುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಗಂಭೀರ ಅಪರಾಧಗಳ ವಿಷಯದಲ್ಲಿ ಸೋಲುತ್ತದೆ. ಹಾಗಾಗಿ ಕನಿಷ್ಠ ಎರಡು ಮೂಲಗಳನ್ನು ಹೋಲಿಸಿ. ದಾಖಲೆಯಲ್ಲಿ ಏರಿಕೆ, ಸಮೀಕ್ಷೆಯಲ್ಲಿ ಏರಿಕೆ ಇಲ್ಲ ಎಂದಾದರೆ ಹೆಚ್ಚಿದ್ದು ಅಪರಾಧವಲ್ಲ, ದೂರು ಕೊಡುವ ಧೈರ್ಯವೋ ದಾಖಲಿಸುವ ಪದ್ಧತಿಯೋ ಇರಬಹುದು.

ಸಂಖ್ಯೆ ಬಿಡಿ, ದರ ಲೆಕ್ಕಹಾಕಿ. ಒಂದು ಸ್ಟ್ಯಾಂಡಿನಲ್ಲಿ ವರ್ಷಕ್ಕೆ 20 ಸೈಕಲ್, ಇನ್ನೊಂದರಲ್ಲಿ 12 ಕಳುವಾಗಿವೆ ಎನ್ನಿ. ಮೊದಲನೆಯದರಲ್ಲಿ ದಿನಕ್ಕೆ 1,000, ಎರಡನೆಯದರಲ್ಲಿ 300 ಸೈಕಲ್ ನಿಲ್ಲುತ್ತಿದ್ದರೆ ಅಪಾಯ ಮೊದಲನೆಯದರಲ್ಲಿ ನೂರಕ್ಕೆ 2, ಎರಡನೆಯದರಲ್ಲಿ 4. ಛೇದದಲ್ಲಿ ಇರಬೇಕಾದದ್ದು ಜನಸಂಖ್ಯೆಯಲ್ಲ, ಕಳುವಾಗಬಹುದಾಗಿದ್ದ ವಸ್ತುಗಳ ಸಂಖ್ಯೆ.

ಘಟನೆಯಿಂದ ಶುರು ಮಾಡಿ, ವ್ಯಕ್ತಿ ಆಮೇಲೆ

ಬಹುತೇಕರು ಅಪರಾಧಿಯ ಬಾಲ್ಯದಿಂದ ಆರಂಭಿಸುತ್ತಾರೆ. ನಮ್ಮ ಸಲಹೆ ಇದಕ್ಕೆ ಉಲ್ಟಾ. ಬಾಲ್ಯದ ಬಗ್ಗೆ ಸಿಗುವ ಮಾಹಿತಿ ಕಡಿಮೆ, ಅದರಲ್ಲೂ ಅರ್ಧ ನೆನಪಿನ ಮೇಲೆ ನಿಂತದ್ದು. ಘಟನೆಯ ಜಾಗವನ್ನಾದರೆ ಹೋಗಿ ನೋಡಬಹುದು.

ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಮಂಡಿಸಿದ ದಿನಚರಿ ಸಿದ್ಧಾಂತಕ್ಕೆ ಮೂರು ಅಂಶ ಸಾಕು: ಮಾಡಲು ಸಿದ್ಧನಿರುವವನು, ತಕ್ಕ ಗುರಿ, ತಡೆಯಬಲ್ಲ ಕಾವಲಿನ ಅಭಾವ. ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಬೇಕು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸಂಪತ್ತು ಹೆಚ್ಚಿದಂತೆಯೇ ಕಳವೂ ಹೆಚ್ಚಿತು. ಬಡತನದ ವಿವರಣೆಗೆ ಇದು ನುಂಗಲಾರದ ತುತ್ತು. ಮನೆಯವರೆಲ್ಲ ಹಗಲು ಹೊರಗೆ ದುಡಿಯತೊಡಗಿದರು, ಮನೆಯೊಳಗೆ ಬೆಲೆಬಾಳುವ ಹಗುರ ವಿದ್ಯುತ್ ಸಾಮಾನು ತುಂಬಿತು, ಕಳ್ಳರ ಮನಸ್ಸು ಬದಲಾಗಬೇಕಾದ ಅಗತ್ಯವೇ ಬೀಳಲಿಲ್ಲ ಎಂಬುದು ಅವರ ಉತ್ತರ.

ಸೈಕಲ್ ಸ್ಟ್ಯಾಂಡಿಗೆ ಇದನ್ನು ಹಚ್ಚುವಾಗ ಹಾಳೆಯ ಮೇಲೆ ಮೂರು ಕಾಲಂ ಎಳೆದು, ಕಳವಾದ ಪ್ರತಿ ಸೈಕಲ್‌ಗೂ ಬೀಗದ ಬಗೆ, ನಿಲ್ಲಿಸಿದ ಮತ್ತು ಕಾಣೆಯಾದದ್ದು ತಿಳಿದ ಹೊತ್ತು, ಅಲ್ಲಿಗೆ ಕಣ್ಣು ಹಾಯಿಸಬಹುದಾಗಿದ್ದ ಕಿಟಕಿ ಅಥವಾ ವ್ಯಕ್ತಿ ಯಾರು ಎಂದು ತುಂಬಿಸಿ. ಕಳುವಾದ ನಿಖರ ಗಳಿಗೆ ಗೊತ್ತಿರುವುದಿಲ್ಲವಾದ್ದರಿಂದ ಆ ಒಂದು ಕಳವನ್ನು ಎರಡು ಹೊತ್ತುಗಳ ನಡುವಿನ ಗಂಟೆಗಳಿಗೆಲ್ಲ ಸಮನಾಗಿ ಹಂಚಬೇಕು. ಕಾಣೆಯಾದದ್ದು ತಿಳಿದ ಹೊತ್ತನ್ನೇ ಕಳವಿನ ಹೊತ್ತು ಎಂದು ಬರೆದರೆ ಎಲ್ಲ ಕಳವೂ ಸಂಜೆ ತರಗತಿ ಬಿಟ್ಟಾಗಲೇ ನಡೆದಂತೆ ಕಾಣುತ್ತದೆ. ಕಾವಲು ಎಂದರೆ ಪೊಲೀಸ್ ಎಂದುಕೊಳ್ಳುವುದು ಇನ್ನೊಂದು ತಪ್ಪು. ಈ ಸಿದ್ಧಾಂತದಲ್ಲಿ ಕಾವಲುಗಾರ ಹೆಚ್ಚಾಗಿ ಮಾಲೀಕ, ನೆರೆಯವರು, ಅಲ್ಲೇ ಕೆಲಸ ಮಾಡುವವರು.

ಜಾಗಗಳನ್ನು ಒಟ್ಟಾಗಿ ನೋಡಬೇಡಿ. ಮಿನಿಯಾಪೊಲಿಸ್‌ನಲ್ಲಿ ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ಎಣಿಸಿದಾಗ, ಸುಮಾರು ಶೇ. 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬಂದಿದ್ದವು. ‘ಕೆಟ್ಟ ಏರಿಯಾ’ ಎನಿಸಿಕೊಂಡ ಕಡೆಯೂ ಹೆಚ್ಚಿನ ಮನೆಗಳು ಶಾಂತವಾಗಿಯೇ ಇರುತ್ತವೆ.

ವ್ಯಕ್ತಿಯ ಪ್ರಶ್ನೆ: ಮೂರು ಸಿದ್ಧಾಂತ, ಒಂದು ಜಗಳ

ನಿಜವಾದ ಕಷ್ಟ ಇಲ್ಲಿದೆ. ಒತ್ತಡ, ಕಲಿಕೆ, ನಿಯಂತ್ರಣ ಎಂಬ ಮೂರು ಸಿದ್ಧಾಂತಗಳು ಮನುಷ್ಯನ ಬಗ್ಗೆ ಒಂದಕ್ಕೊಂದು ಒಪ್ಪದ ಊಹೆಗಳಿಂದ ಹೊರಡುತ್ತವೆ.

ರಾಬರ್ಟ್ ಮರ್ಟನ್ 1938ರಲ್ಲಿ ಹೇಳಿದ್ದು: ಸಮಾಜ ಎಲ್ಲರ ಮುಂದೆ ಒಂದೇ ಗುರಿ ಇಡುತ್ತದೆ, ದಾರಿ ಮಾತ್ರ ಎಲ್ಲರಿಗೂ ಕೊಡುವುದಿಲ್ಲ; ಆ ಅಂತರದ ಒತ್ತಡಕ್ಕೆ ಕೆಲವರು ಗುರಿ ಉಳಿಸಿಕೊಂಡು ದಾರಿ ಬದಲಿಸುತ್ತಾರೆ. ರಾಬರ್ಟ್ ಆಗ್ನ್ಯೂ 1992ರಲ್ಲಿ ಇದನ್ನು ಹಿಗ್ಗಿಸಿ, ಬಯಸಿದ್ದು ಸಿಗದಿರುವುದರ ಜೊತೆಗೆ ಇದ್ದದ್ದನ್ನು ಕಳೆದುಕೊಳ್ಳುವುದು ಮತ್ತು ಹಿಂಸೆ ಅವಮಾನಗಳಿಗೆ ಗುರಿಯಾಗುವುದನ್ನೂ ಒತ್ತಡ ಎಂದರು. ಎಡ್ವಿನ್ ಸದರ್‌ಲ್ಯಾಂಡ್ ಅವರ ಪ್ರಕಾರ ಅಪರಾಧ ಕಲಿತು ಬರುವಂಥದ್ದು. ಆಪ್ತ ಬಳಗದಲ್ಲಿ ಮಾಡುವ ವಿಧಾನವನ್ನೂ ಅದು ತಪ್ಪಲ್ಲ ಎನ್ನುವ ಸಮರ್ಥನೆಯನ್ನೂ ಕಲಿಯುತ್ತಾರೆ. 1947ರ ಅಂತಿಮ ರೂಪದಲ್ಲಿ ಇದಕ್ಕೆ ಒಂಬತ್ತು ಸೂತ್ರಗಳಿವೆ. ಟ್ರಾವಿಸ್ ಹರ್ಶಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಅಪರಾಧದಿಂದ ಲಾಭವಿದೆ, ಹಾಗಿದ್ದೂ ಹೆಚ್ಚಿನವರು ಯಾಕೆ ಮಾಡುವುದಿಲ್ಲ? ಅವರ ಉತ್ತರದಲ್ಲಿ ನಾಲ್ಕು ಕಟ್ಟುಗಳಿವೆ: ಪ್ರೀತಿಪಾತ್ರರ ಮೇಲಿನ ನಂಟು, ಕಳೆದುಕೊಳ್ಳಲು ಇರುವ ಓದು ಉದ್ಯೋಗದಂಥ ಹೂಡಿಕೆ, ಕೆಲಸಗಳಲ್ಲಿ ತೊಡಗಿರುವಿಕೆ, ನಿಯಮಗಳ ಮೇಲಿನ ನಂಬಿಕೆ.

ಇವುಗಳಲ್ಲಿ ಆರಿಸಲು, ಎರಡು ಸಿದ್ಧಾಂತಗಳು ಬೇರೆ ಬೇರೆ ಭವಿಷ್ಯ ನುಡಿಯುವ ಬಿಂದುವನ್ನು ಹುಡುಕಿ. ಅಂಥದ್ದೊಂದು ಇದು: ಕಳ್ಳ ಗೆಳೆಯರ ಮೇಲೆ ಗಾಢ ನಂಟಿರುವ ಹುಡುಗ. ನಂಟು ಯಾರ ಮೇಲಿದ್ದರೂ ಅದು ತಡೆಯುತ್ತದೆ ಎನ್ನುತ್ತದೆ ಹರ್ಶಿಯ ತರ್ಕ, ಅದೇ ಕಲಿಕೆಯ ದಾರಿ ಎನ್ನುತ್ತದೆ ಸದರ್‌ಲ್ಯಾಂಡ್ ತರ್ಕ. ಈ ಅಂಶದಲ್ಲಿ ನಂತರದ ಹಲವು ಅಧ್ಯಯನಗಳು ಹರ್ಶಿಯ ಪರ ನಿಲ್ಲಲಿಲ್ಲ. ಎರಡನೆಯ ಬಿಂದು ಕಾಲಕ್ರಮ. ಗೆಳೆತನ ಮೊದಲೋ ಕಳವು ಮೊದಲೋ? ಕಳವು ಮೊದಲಾಗಿದ್ದರೆ ಸಹವಾಸ ಕಾರಣವಲ್ಲ, ಸಮಾನಮನಸ್ಕರು ಒಟ್ಟು ಸೇರಿದ್ದು ಅಷ್ಟೇ. ಆದ್ದರಿಂದ ಸಂದರ್ಶನದಲ್ಲಿ ‘ನಿನ್ನ ಗೆಳೆಯರು ಯಾರು’ ಎಂದು ಮಾತ್ರ ಕೇಳಿದರೆ ಸಾಲದು. ಯಾವ ತರಗತಿಯಲ್ಲಿದ್ದಾಗ ಯಾರ ಪರಿಚಯವಾಯಿತು, ಮೊದಲ ಸಲ ಏನನ್ನು ಎತ್ತಿದ್ದು, ಜೊತೆಗೆ ಯಾರಿದ್ದರು ಎಂದು ಕಾಲರೇಖೆ ಎಳೆದು ಕೇಳಬೇಕು.

ಬಡತನದ ವಿವರಣೆ ಕೈಗೆ ಬಂದಾಗಲೆಲ್ಲ ಅದನ್ನು ಕಚೇರಿಯ ಹಣ ನುಂಗಿದವನ ಮೇಲೆ ಹಚ್ಚಿ ನೋಡಿ. ಸದರ್‌ಲ್ಯಾಂಡ್ 1939ರಲ್ಲಿ ಬಿಳಿಕಾಲರ್ ಅಪರಾಧ (ಗೌರವಸ್ಥರು ತಮ್ಮ ಉದ್ಯೋಗದಲ್ಲೇ ಮಾಡುವ ಅಪರಾಧ) ಎಂಬ ಪರಿಕಲ್ಪನೆ ಮುಂದಿಟ್ಟದ್ದು ಈ ಕಾರಣಕ್ಕೇ: ಬಡವರ ದಾಖಲೆ ಮಾತ್ರ ನೋಡಿ ಕಟ್ಟಿದ ಸಿದ್ಧಾಂತ ಅರ್ಧ ಕುರುಡು. ಹಣ ದುರುಪಯೋಗ ಮಾಡಿ ಜೈಲು ಸೇರಿದವರನ್ನು ಮಾತಾಡಿಸಿದ ಡೊನಾಲ್ಡ್ ಕ್ರೆಸ್ಸಿ 1953ರಲ್ಲಿ ಮೂರು ಅಂಶ ಗುರುತಿಸಿದರು: ಯಾರಿಗೂ ಹೇಳಿಕೊಳ್ಳಲಾಗದ ಹಣದ ಸಮಸ್ಯೆ, ನಂಬಿಕೆಯ ಹುದ್ದೆಯಿಂದಲೇ ಅದನ್ನು ಬಗೆಹರಿಸಿಕೊಳ್ಳಬಹುದೆಂಬ ಅರಿವು, ‘ಸಾಲ ತೆಗೆದುಕೊಂಡದ್ದಷ್ಟೇ’ ಎನ್ನುವಂಥ ಸಮಾಧಾನ. ಲೆಕ್ಕಪರಿಶೋಧಕರು ಇಂದಿಗೂ ಹೇಳುವ ‘ವಂಚನೆಯ ತ್ರಿಕೋನ’ದ ಬೇರು ಇಲ್ಲಿದೆ.

ಈ ಸಮಾಧಾನದ ಮಾತುಗಳನ್ನು ಆರೋಪಿಯ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ. ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಇವುಗಳನ್ನು ಐದು ಬಗೆಯಾಗಿ ವಿಂಗಡಿಸಿದರು: ನನ್ನ ಕೈಯಲ್ಲಿರಲಿಲ್ಲ, ಯಾರಿಗೂ ನಷ್ಟವಾಗಿಲ್ಲ, ಅವನಿಗೆ ಹಾಗೇ ಆಗಬೇಕಿತ್ತು, ಹೇಳಲು ನೀವೇನು ಸಾಚಾನಾ, ನನ್ನವರಿಗಾಗಿ ಮಾಡಿದೆ. ಒಂದು ಎಚ್ಚರ: ಸಿಕ್ಕಿಬಿದ್ದ ಮೇಲೆ ಹೇಳಿದ್ದು ಬರಿಯ ನೆಪವೂ ಆಗಿರಬಹುದು. ಕೃತ್ಯಕ್ಕೆ ಮುಂಚೆಯೇ ಆ ಮಾತು ಇತ್ತು ಎನ್ನಲು ಸಾಕ್ಷ್ಯ ಸಿಕ್ಕಿದರೆ ಮಾತ್ರ ಅದನ್ನು ಕಾರಣಗಳ ಪಟ್ಟಿಗೆ ಸೇರಿಸಿ.

ವಯಸ್ಸು, ದೇಹ, ಹಣೆಪಟ್ಟಿ

ಹದಿಹರೆಯದಲ್ಲಿ ಏರಿ ಇಪ್ಪತ್ತರ ನಂತರ ಇಳಿಯುವ ರೇಖೆ ಬಹಳಷ್ಟು ದೇಶಗಳ ದಾಖಲೆಗಳಲ್ಲಿ ಕಾಣುತ್ತದೆ. ಹಾಗಾಗಿ ಹದಿನಾರರ ಹುಡುಗನ ಒಂದು ತಪ್ಪಿನಿಂದ ಅವನ ಇಡೀ ಬಾಳಿನ ಬಗ್ಗೆ ಭವಿಷ್ಯ ಹೇಳಬೇಡಿ. ಟೆರ್ರಿ ಮಾಫಿಟ್ 1993ರಲ್ಲಿ ಹದಿಹರೆಯಕ್ಕೇ ಸೀಮಿತವಾದ ದೊಡ್ಡ ಗುಂಪು ಮತ್ತು ಬಾಲ್ಯದಿಂದಲೇ ಶುರುವಾಗಿ ಮುಂದುವರಿಯುವ ಸಣ್ಣ ಗುಂಪು ಎಂದು ಬೇರ್ಪಡಿಸಿದರು. ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಹುಟ್ಟಿದ 9,945 ಹುಡುಗರ ದಾಖಲೆ ನೋಡಿದ ಅಧ್ಯಯನದಲ್ಲಿ ಶೇ. 6ರಷ್ಟು ಹುಡುಗರ ಹೆಸರಿನಲ್ಲೇ ಒಟ್ಟು ಅಪರಾಧಗಳ ಅರ್ಧಕ್ಕಿಂತ ಹೆಚ್ಚು ಇದ್ದವು. ಮೊದಲ ತಪ್ಪು ಯಾವ ವಯಸ್ಸಿನಲ್ಲಿ ನಡೆಯಿತು ಎಂಬುದು ಪ್ರಕರಣದ ಹಾಳೆಯಲ್ಲಿ ಇರಲೇಬೇಕಾದ ಮಾಹಿತಿ.

ಜೈವಿಕ ವಿವರಣೆಯ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಚೆಸರೆ ಲೊಂಬ್ರೊಸೊ 1876ರಲ್ಲಿ ಹುಟ್ಟು ಅಪರಾಧಿಯನ್ನು ಮುಖಲಕ್ಷಣದಿಂದಲೇ ಗುರುತಿಸಬಹುದು ಎಂದರು. ಅವರ ಕೆಲಸದಲ್ಲಿ ಇಲ್ಲದಿದ್ದದ್ದು ಸರಿಯಾದ ಹೋಲಿಕೆಯ ಗುಂಪು. ಚಾರ್ಲ್ಸ್ ಗೋರಿಂಗ್ ಸುಮಾರು 3,000 ಇಂಗ್ಲಿಷ್ ಕೈದಿಗಳನ್ನು ಇತರರೊಂದಿಗೆ ಹೋಲಿಸಿ 1913ರಲ್ಲಿ ಅಂಥ ದೈಹಿಕ ಮಾದರಿ ಇಲ್ಲವೆಂದು ತೋರಿಸಿದರು. ಕೈದಿಗಳನ್ನು ಮಾತ್ರ ಅಳೆದು ತೀರ್ಮಾನಿಸುವ ವರದಿ ಇಂದು ಕಂಡರೂ ದೋಷ ಅದೇ. ‘ಅಪರಾಧದ ಜೀನ್’ ಎಂಬ ತಲೆಬರಹದ ಸುದ್ದಿಗೂ ಮರುಳಾಗಬೇಡಿ. ಇಂದಿನ ಗಂಭೀರ ಸಂಶೋಧನೆ ಆನುವಂಶಿಕತೆ ಮತ್ತು ಪರಿಸರ ಒಟ್ಟಾಗಿ ಹೆಚ್ಚಿಸುವ ಸಂಭವದ ಬಗ್ಗೆ ಮಾತಾಡುತ್ತದೆ, ವಿಧಿಯ ಬಗ್ಗೆ ಅಲ್ಲ.

ಒಬ್ಬನನ್ನು ಅಪರಾಧಿ ಎಂದು ಹೆಸರಿಸಿದ್ದರಿಂದ ಏನಾಯಿತು ಎಂದು ನೋಡುವ ಹಣೆಪಟ್ಟಿ ಸಿದ್ಧಾಂತ ಮೊದಲ ತಪ್ಪನ್ನು ವಿವರಿಸುವುದಿಲ್ಲ. ಅದನ್ನು ಅಲ್ಲಿಗೆ ಎಳೆಯಬೇಡಿ. ಎಡ್ವಿನ್ ಲೆಮರ್ಟ್ 1951ರಲ್ಲಿ ಮಾಡಿದ ಪ್ರಾಥಮಿಕ (ಹಣೆಪಟ್ಟಿಗೆ ಮುಂಚಿನ) ಮತ್ತು ದ್ವಿತೀಯಕ (ಹಣೆಪಟ್ಟಿಗೆ ಪ್ರತಿಯಾಗಿ ಬರುವ) ವಿಚಲನೆಯ ವಿಂಗಡಣೆ ಉಪಯೋಗಕ್ಕೆ ಬರುವುದು ಎರಡನೆಯ, ಮೂರನೆಯ ತಪ್ಪಿಗೆ. ಬಂಧನದ ನಂತರ ಶಾಲೆ ಬಿಡಿಸಿದರೇ, ಕೆಲಸ ಸಿಗಲಿಲ್ಲವೇ, ಹಳೆಯ ಗೆಳೆಯರು ದೂರವಾದರೇ ಎಂದು ವಿಚಾರಿಸಿ.

ಕಾರಣದಿಂದ ಪರಿಹಾರಕ್ಕೆ

ಆರಿಸಿದ ಸಿದ್ಧಾಂತವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ: ‘ಇದು ಸರಿಯಾದರೆ ಹೀಗೆ ಕಾಣಬೇಕು. ಇದು ಕಂಡರೆ ಸಿದ್ಧಾಂತ ಬಿದ್ದಂತೆ.’ ಎರಡನೆಯ ವಾಕ್ಯ ಬರೆಯಲಾಗದಿದ್ದರೆ ನಿಮ್ಮ ಬಳಿ ಇನ್ನೂ ಸಿದ್ಧಾಂತವಿಲ್ಲ, ಅಭಿಪ್ರಾಯವಿದೆ. ಸೈಕಲ್ ಪ್ರಕರಣದಲ್ಲಿ ದಿನಚರಿ ಸಿದ್ಧಾಂತ ಸರಿಯಾದರೆ ಕಿಟಕಿಗಳಿಗೆ ಕಾಣದ ಸಾಲಿನಲ್ಲಿ ದರ ಹೆಚ್ಚಿರಬೇಕು. ಎಲ್ಲ ಸಾಲುಗಳಲ್ಲೂ ಒಂದೇ ದರವಿದ್ದರೆ ಕಾವಲಿನ ವಾದವನ್ನು ಕೈಬಿಡಿ.

ಶಿಕ್ಷೆ ಹೆಚ್ಚಿಸಿ ಎಂದು ಬರೆಯುವ ಮುನ್ನ, ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆ ಎಂದು ಚೆಸರೆ ಬೆಕ್ಕಾರಿಯ 1764ರಲ್ಲೇ ವಾದಿಸಿದ್ದನ್ನು ನೆನಪಿಡಿ. ನಂತರದ ಸಂಶೋಧನೆಯೂ ಹೆಚ್ಚಾಗಿ ಆ ಕಡೆಗೇ ವಾಲಿದೆ. ಹೆದರಿಸುವ ಕಾರ್ಯಕ್ರಮಗಳೂ ಹಾಗೆಯೇ. ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಭಯ ಹುಟ್ಟಿಸುವ ಅಮೆರಿಕದ ಯೋಜನೆಗಳನ್ನು ಯಾದೃಚ್ಛಿಕ ಪ್ರಯೋಗಗಳಲ್ಲಿ (ಯಾರು ಪಾಲ್ಗೊಳ್ಳಬೇಕೆಂದು ಚೀಟಿ ಎತ್ತಿದಂತೆ ನಿರ್ಧರಿಸಿ) ಪರೀಕ್ಷಿಸಿದಾಗ, ಒಟ್ಟಾರೆ ಪಾಲ್ಗೊಳ್ಳದವರಿಗಿಂತ ಪಾಲ್ಗೊಂಡವರೇ ಹೆಚ್ಚು ತಪ್ಪು ಮಾಡಿದ್ದರು. ಒಳ್ಳೆಯ ಉದ್ದೇಶ ಪುರಾವೆಯಾಗದು.

ಪರಿಹಾರ ಜಾರಿಯಾದ ಮೇಲೆ ಅಳೆಯುವಾಗ ಅದಕ್ಕೆ ಮುಂಚಿನ ಮತ್ತು ನಂತರದ ವರ್ಷಗಳ ಅದೇ ತಿಂಗಳುಗಳನ್ನು ಹೋಲಿಸಿ, ಏಕೆಂದರೆ ರಜೆಯ ತಿಂಗಳಲ್ಲಿ ಸ್ಟ್ಯಾಂಡ್ ಖಾಲಿ ಇರುತ್ತದೆ. ಏನೂ ಬದಲಿಸದ ಇನ್ನೊಂದು ಸ್ಟ್ಯಾಂಡಿನ ಅಂಕಿಯನ್ನೂ ಪಕ್ಕದಲ್ಲಿಡಿ. ಕಳವು ಪಕ್ಕದ ಬೀದಿಗೆ ಅಥವಾ ಬೇರೆ ವಸ್ತುವಿಗೆ ಜಾರಿತೇ ಎಂದೂ ನೋಡಬೇಕು. ಖಂಡಿತ ಜಾರುತ್ತದೆ ಎಂಬ ಊಹೆ ಮಾತ್ರ ಬೇಡ. 1980ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹೆಲ್ಮೆಟ್ ಇಲ್ಲದವರಿಗೆ ಸ್ಥಳದಲ್ಲೇ ದಂಡ ಹಾಕತೊಡಗಿದಾಗ ಮೋಟರ್‌ಸೈಕಲ್ ಕಳವು ತೀವ್ರವಾಗಿ ಇಳಿಯಿತು. ಕದಿಯುವ ಮನಸ್ಸಾದ ಗಳಿಗೆಯಲ್ಲಿ ಹೆಲ್ಮೆಟ್ ಕೈಯಲ್ಲಿರುತ್ತಿರಲಿಲ್ಲ, ಅದಿಲ್ಲದೆ ಓಡಿಸಿದರೆ ಸಿಕ್ಕಿಬೀಳುವುದು ಖಚಿತ. ಕಾರು ಮತ್ತು ಸೈಕಲ್ ಕಳವು ಆ ಪ್ರಮಾಣದಲ್ಲಿ ಏರಲಿಲ್ಲ.