ಇಂಗ್ಲೆಂಡಿನ ಕಂಪನಿ ದಿವಾಳಿಯಾದರೆ ಸುಮ್ನೆ ಕೂರಬೇಡಿ

ಕಲಬುರಗಿಯ ಗಂಜ್‌ನಲ್ಲಿ ಒಬ್ಬ ವ್ಯಾಪಾರಿ ಕೈ ಎತ್ತಿದರೆ ಬಾಕಿ ಬರಬೇಕಾದವರೆಲ್ಲ ಯಾವುದಾದರೂ ಅಡತಿ ಅಂಗಡಿಯಲ್ಲಿ ಸೇರುತ್ತಾರೆ. ಹಿರಿಯರು ನಡುವೆ ಕೂರುತ್ತಾರೆ. ರೂಪಾಯಿಗೆ ಎಷ್ಟಾಣೆ ಸಿಕ್ಕೀತು ಅಂತ ಮಾತು ನಡೆಯುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಹಾಗೆ ಯಾರೂ ಕರೆದು ಕೂರಿಸುವುದಿಲ್ಲ. ಒಂದು ನೋಟಿಸ್ ಬರುತ್ತದೆ, ಅಷ್ಟೇ.

ನಮ್ಮ ಕಾಕಾನದು ಕಲಬುರಗಿಯಲ್ಲಿ ದಾಲ್ ಮಿಲ್. ಅವರ ತೊಗರಿ ಬೇಳೆ ತರಿಸುತ್ತಿದ್ದ, ನಾನಿರುವ ಇಂಗ್ಲೆಂಡಿನ ಒಂದು ಕಂಪನಿ ಮುಳುಗಿತು. ಬರಬೇಕಾದದ್ದು 18,400 ಪೌಂಡ್. ಇಮೇಲ್‌ನಲ್ಲಿ ಬಂದ ನೋಟಿಸನ್ನು ಮುನೀಮರು ಪ್ರಿಂಟ್ ತೆಗೆದು ಗಾದಿಯ ಮೇಲೆ ಇಟ್ಟಿದ್ದರು. ಕಾಕಾ ಅದರ ಫೋಟೋ ನನಗೆ ಕಳಿಸುವ ಹೊತ್ತಿಗೆ ಹಾಳೆಯ ಮೂಲೆಗೆ ಬೇಳೆಯ ಹಳದಿ ಪುಡಿ ಹತ್ತಿತ್ತು. “ಮೀಟಿಂಗ್ ಯಾವಾಗ ಅದ ತಮ್ಮಾ?” ಅಂತ ಕೇಳಿದರು. ಮೀಟಿಂಗೇ ಇರಲಿಲ್ಲ. ಅದರಲ್ಲಿದ್ದ ತಾರೀಖು ಹಿಂದಿನ ದಿನವೇ ದಾಟಿತ್ತು.

2017ರ ಏಪ್ರಿಲ್ 6ರಿಂದ ಇಲ್ಲಿ ಎದುರುಬದುರು ಕೂತು ನಡೆಸುವ ಸಭೆ ತಾನಾಗಿ ನಡೆಯುವುದಿಲ್ಲ. ಹೆಚ್ಚಿನ ವಿಷಯಗಳಿಗೆ ‘ಡೀಮ್ಡ್ ಕನ್ಸೆಂಟ್’ ಅನ್ನುವ ದಾರಿ ಇದೆ. ಮೌನವೇ ಸಮ್ಮತಿ ಅಂತೀವಲ್ವಾ, ಇಲ್ಲಿ ಅದೇ ಕಾನೂನು. ಲಿಕ್ವಿಡೇಟರ್, ಅಂದರೆ ಮುಳುಗಿದ ಕಂಪನಿಯ ಆಸ್ತಿ ಮಾರಿ ಬಾಕಿ ಹಂಚುವವರು, ಯಾರಾಗಬೇಕು ಅಂತ ಸೂಚಿಸಿ ನೋಟಿಸ್ ಕಳಿಸುತ್ತಾರೆ. ಮತ ಹಾಕುವ ಹಕ್ಕಿರುವ ಸಾಲದ ಮೊತ್ತದಲ್ಲಿ 10% ಇರುವವರು ಆ ತಾರೀಖಿನೊಳಗೆ ಬೇಡ ಅನ್ನದಿದ್ದರೆ ಅದು ಪಾಸ್. ಕಾಕಾನ ಕೇಸಿನಲ್ಲಿ ಅಂಥ ಬಾಕಿ ಒಟ್ಟು 1,60,000 ಪೌಂಡ್. ಅಂದರೆ 16,000 ಸಾಕಿತ್ತು. ಕಾಕಾ ಒಬ್ಬರೇ ತಡೆಯಬಹುದಿತ್ತು! ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ನಿರ್ದೇಶಕರೇ ಕಂಪನಿ ಮುಚ್ಚಲು ಹೊರಟಾಗ ಈ ಗಡುವು ನೋಟಿಸ್ ತಲುಪಿದ ಮೇಲೆ ಬರೀ 3 ಕೆಲಸದ ದಿನ ಇರಬಹುದು. ಬೇಡ ಅಂತ ಬರೆದರಷ್ಟೇ ಸಾಲದು, ಜೊತೆಗೆ ನಿಮಗೆ ಇಷ್ಟು ಬಾಕಿ ಬರಬೇಕು ಅಂತ ತೋರಿಸುವ ‘ಪ್ರೂಫ್ ಆಫ್ ಡೆಟ್’ ಫಾರ್ಮನ್ನೂ ಕಳಿಸಬೇಕು. ಇನ್‌ವಾಯ್ಸ್, ಮಾಲು ಮುಟ್ಟಿದ ರಸೀದಿ ಲಗತ್ತಿಸಿ. ಫಾರ್ಮ್ ಇಲ್ಲದ ಆಕ್ಷೇಪಣೆ ಲೆಕ್ಕಕ್ಕೆ ಬರುವುದಿಲ್ಲ.

ಮುಖಾಮುಖಿ ಸಭೆಯೇ ಬೇಕು ಅನ್ನಿಸಿದರೆ ಕೇಳಬಹುದು. ಮೊತ್ತದಲ್ಲಿ 10%, ಇಲ್ಲವೇ ಬಾಕಿ ಬರಬೇಕಾದವರ ಸಂಖ್ಯೆಯಲ್ಲಿ 10%, ಇಲ್ಲವೇ 10 ಜನ ಸೇರಿ ಕೇಳಿದರೆ ಕರೆಯಲೇಬೇಕು. ನೀವು ಚಿಕ್ಕ ಮೊತ್ತದವರಾದರೆ ಬಾಕಿ ಬರಬೇಕಾದ ಉಳಿದವರಿಗೆ ಫೋನ್ ಮಾಡಿ. ಕಂಪನಿಯ ಲೆಕ್ಕದ ಪಟ್ಟಿಯಲ್ಲಿ ಅವರ ಹೆಸರುಗಳು ಸಿಗುತ್ತವೆ.

ಮತದಾನ ನಡೆದರೆ ತಲೆ ಎಣಿಸುವುದಿಲ್ಲ, ಪೌಂಡ್ ಎಣಿಸುತ್ತಾರೆ. ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಮೊತ್ತ ಒಪ್ಪಿದರೆ ಆಯಿತು. ಕಂಪನಿ ಉಳಿಸಿಕೊಂಡು ಕಂತಿನಲ್ಲಿ ತೀರಿಸುವ ‘ಸಿವಿಎ’ ಒಪ್ಪಂದಕ್ಕೆ ಮಾತ್ರ 75% ಬೇಕು. ಅದರಲ್ಲೂ ಕಂಪನಿಗೆ ಸಂಬಂಧವಿಲ್ಲದ, ಬಾಕಿ ಬರಬೇಕಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊತ್ತ ವಿರುದ್ಧ ಬಿದ್ದರೆ ಒಪ್ಪಂದ ನಿಲ್ಲುವುದಿಲ್ಲ. ಮಾಲೀಕನ ಅಣ್ಣತಮ್ಮಂದಿರು ಕೊಟ್ಟ ಸಾಲದ ಬಲದಿಂದ ಪಾಸ್ ಮಾಡಿಸಿಕೊಳ್ಳದಿರಲಿ ಅಂತ ಈ ಏರ್ಪಾಡು. ಒಳ್ಳೆಯ ನಿಯಮ.

ಲಿಕ್ವಿಡೇಟರ್ ಫೀಸಿನ ವಿಷಯದಲ್ಲಿ ಮೌನ ಸಮ್ಮತಿ ನಡೆಯುವುದಿಲ್ಲ. ಫೀಸ್ ಹೋಗುವುದು ನಮಗೆ ಬರಬೇಕಾದ ದುಡ್ಡಿನಿಂದಲೇ. ಹಾಗಾಗಿ ಆ ಮತ ಬಂದಾಗ ದಯವಿಟ್ಟು ಓದಿ, ಉತ್ತರಿಸಿ. ಬಾಕಿ ಬರಬೇಕಾದವರ ಸಮಿತಿ ಮಾಡಲು ಕೇಳಿದರೂ ಸುಮ್ಮನಿರಬೇಡಿ. 3ರಿಂದ 5 ಜನ ಸಾಕು.

ಸ್ಕಾಟ್ಲೆಂಡಿಗೆ ಬೇರೆ ನಿಯಮಗಳಿವೆ. ಊರಿನಿಂದ ಇಲ್ಲಿಗೆ ಮಾಲು ಕಳಿಸುವ ನೆಂಟರಿದ್ದರೆ ಅವರ ಇನ್‌ವಾಯ್ಸ್ ಮೇಲೆ ಇಲ್ಲಿನ ನಿಮ್ಮ ಇಮೇಲನ್ನೂ ಹಾಕಿಸಿ. ಕಾಕಾನ ಮಿಲ್ಲಿನ ಬಿಲ್ ಮೇಲೆ ಈಗ ನನ್ನದೂ ಇದೆ.