5 ಕಿ.ಮೀ. ಓಟದ ಸಮಯ ಇಳಿಸಲು ಎಂಟು ವಾರ: ಕರಾವಳಿಯ ಸೆಕೆಯಲ್ಲಿ ಅಭ್ಯಾಸ ಹೇಗೆ?

ವಾರಕ್ಕೆ ನಾಲ್ಕು ದಿನ ತಪ್ಪದೆ ಓಡುತ್ತೀರಿ, ಆದರೂ 5 ಕಿ.ಮೀ. ಸಮಯ 30 ನಿಮಿಷದಿಂದ ಕೆಳಗಿಳಿಯುತ್ತಿಲ್ಲ ಎಂದಾದರೆ ಕೊರತೆ ಶ್ರಮದ್ದಲ್ಲ. ಹೆಚ್ಚಿನವರು ನಾಲ್ಕೂ ದಿನ ಒಂದೇ ವೇಗದಲ್ಲಿ ಓಡುತ್ತಾರೆ. ಜೊತೆಗಾರರ ಹತ್ತಿರ ಮಾತಾಡಲು ಆಗದಷ್ಟು ಜೋರು, ಸ್ಪರ್ಧೆಯ ವೇಗಕ್ಕೆ ಸಾಲದಷ್ಟು ನಿಧಾನ. 5 ಕಿ.ಮೀ. ಓಟಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಹುಟ್ಟುವುದು ಆಮ್ಲಜನಕ ಬಳಸಿಯೇ. ಆ ಸಾಮರ್ಥ್ಯ ಬೆಳೆಯುವುದು ನಿಧಾನವಾಗಿ ಓಡಿದ ಕಿಲೋಮೀಟರ್‌ಗಳಿಂದ. ಸ್ಪರ್ಧೆಯ ವೇಗ ಕಾಲಿಗೆ ಒಗ್ಗುವುದು ಅಳೆದು ಓಡಿದ ಜೋರಿನ ಸುತ್ತುಗಳಿಂದ. ನಡುವಿನ ವೇಗ ಎರಡನ್ನೂ ಅರ್ಧಂಬರ್ಧ ಕೊಡುತ್ತದೆ, ದಣಿವನ್ನಂತೂ ಪೂರ್ತಿ ಕೊಡುತ್ತದೆ.

ಇಲ್ಲಿ ಹೇಳುವ ಕ್ರಮ ನಡುವೆ ನಿಲ್ಲದೆ 5 ಕಿ.ಮೀ. ಓಡಬಲ್ಲವರಿಗೆ. 40 ದಾಟಿದವರು, ಬಿಪಿ ಅಥವಾ ಮಧುಮೇಹ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಜೋರಿನ ಅಭ್ಯಾಸ ಶುರು ಮಾಡುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ.

ಮೊದಲು ಈಗಿನ ಸಮಯ ತಿಳಿಯಿರಿ

ಮಂಗಳೂರಿನವರಿಗೆ ಮಂಗಳಾ ಕ್ರೀಡಾಂಗಣ, ಉಡುಪಿಯವರಿಗೆ ಅಜ್ಜರಕಾಡು. ಎರಡೂ ಕಡೆ 400 ಮೀಟರ್‌ನ ಸಿಂಥೆಟಿಕ್ ಟ್ರ್ಯಾಕ್ ಇದೆ. 5 ಕಿ.ಮೀ. ಎಂದರೆ ಹನ್ನೆರಡೂವರೆ ಸುತ್ತು. ಹಾಗಾಗಿ ಮುಕ್ತಾಯದ ಗೆರೆಯ ಎದುರು ಬದಿಯಲ್ಲಿರುವ 200 ಮೀಟರ್ ಗೆರೆಯಿಂದ ಹೊರಡಿ. ಅರ್ಧ ಸುತ್ತು, ಆಮೇಲೆ ಹನ್ನೆರಡು ಸುತ್ತು ಮುಗಿದಾಗ ಸರಿಯಾಗಿ ಮುಕ್ತಾಯದ ಗೆರೆಯಲ್ಲಿರುತ್ತೀರಿ. ಹತ್ತು ನಿಮಿಷ ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಂಡ ಮೇಲೆ, ಬಿಸಿಲು ಏರುವ ಮೊದಲೇ ಈ ಪರೀಕ್ಷೆ ಮುಗಿಸಿ. ಪ್ರತಿ ಸುತ್ತಿಗೂ ವಾಚ್‌ನ ಲ್ಯಾಪ್ ಬಟನ್ ಒತ್ತಿ.

ಒಳಗಿನ ಒಂದನೇ ಲೇನ್‌ನಲ್ಲೇ ಓಡಬೇಕು. ಬೆಳಗ್ಗೆ ವಾಕಿಂಗ್ ಬರುವವರು ಒಳ ಲೇನ್ ಹಿಡಿದಿರುತ್ತಾರೆಂದು ಹೊರಗೆ ಸರಿದರೆ ಲೆಕ್ಕ ಕೆಡುತ್ತದೆ. ಎರಡನೇ ಲೇನ್ ಸುಮಾರು 407 ಮೀಟರ್, ನಾಲ್ಕನೆಯದು 422, ಎಂಟನೆಯದು 453. ಜಾಗ ಸಿಗದೆ ನಾಲ್ಕನೇ ಲೇನ್‌ನಲ್ಲೇ ಓಡಬೇಕಾಗಿ ಬಂದರೆ ಕಿ.ಮೀ.ಗೆ 6 ನಿಮಿಷದ ವೇಗದ ಒಂದು ಸುತ್ತಿಗೆ 2:24 ಅಲ್ಲ, 2:32 ಬರಬೇಕು. ಇದು ಗೊತ್ತಿಲ್ಲದೆ ‘ಇವತ್ತು ಕಾಲೇ ಏಳುತ್ತಿಲ್ಲ’ ಎಂದುಕೊಂಡು ಇನ್ನೂ ಜೋರಾಗಿ ಓಡಿ ಸುಸ್ತಾಗುವವರು ಇದ್ದಾರೆ.

ಪರೀಕ್ಷೆಯ ಸಮಯ 30:00 ಬಂತು ಎಂದುಕೊಳ್ಳಿ. ನಿಮ್ಮ ಸ್ಪರ್ಧೆಯ ವೇಗ ಕಿ.ಮೀ.ಗೆ 6:00, ಒಂದು ಸುತ್ತಿಗೆ 2:24. ಟೆಂಪೊ, ಅಂದರೆ ಜೋರಾದರೂ ಹಿಡಿತದಲ್ಲಿರುವ ವೇಗ, 6:15ರಿಂದ 6:25. ನಿಧಾನದ ಓಟ 7:15ರಿಂದ 8:00. ಸಮಯ 25:00 ಇದ್ದವರಿಗೆ ಸ್ಪರ್ಧೆಯ ವೇಗ 5:00, ಸುತ್ತಿಗೆ 2:00. ಟೆಂಪೊ 5:20ರ ಆಸುಪಾಸು. ನಿಧಾನ 6:10ರಿಂದ 6:50.

ನಿಧಾನದ ವೇಗ ನೋಡಿ ಬಹಳ ಜನ ಒಪ್ಪುವುದಿಲ್ಲ, ಇದು ನಡಿಗೆಯಾಯಿತಲ್ಲ ಎನ್ನುತ್ತಾರೆ. ಆದರೆ ಸಮಯ ಇಳಿಯುವ ಗುಟ್ಟು ಹೆಚ್ಚಾಗಿ ಇಲ್ಲೇ ಇದೆ. ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ವಾಚ್ ಏನೇ ತೋರಿಸಲಿ, ಅದು ನಿಧಾನದ ಓಟವಲ್ಲ.

ವಾರದ ಲೆಕ್ಕ

ಮಂಗಳವಾರ ಟ್ರ್ಯಾಕ್. ಗುರುವಾರ 5–6 ಕಿ.ಮೀ. ನಿಧಾನದ ಓಟ, ಕೊನೆಯಲ್ಲಿ 20 ಸೆಕೆಂಡಿನ ಆರು ಸ್ಟ್ರೈಡ್ಸ್. ಶುಕ್ರವಾರ ಟೆಂಪೊ ಅಥವಾ ಏರು. ಭಾನುವಾರ 8 ಕಿ.ಮೀ.ಯಿಂದ ಶುರು ಮಾಡಿ ಆರನೇ ವಾರಕ್ಕೆ 11–12 ಕಿ.ಮೀ.ಗೆ ಮುಟ್ಟುವ ಉದ್ದದ, ನಿಧಾನದ ಓಟ. ಸ್ಟ್ರೈಡ್ಸ್ ಎಂದರೆ ದಮ್ಮು ಕಟ್ಟಿ ಓಡುವುದಲ್ಲ. ಹಂತಹಂತವಾಗಿ ವೇಗ ಏರಿಸಿ, ಭುಜ ಸಡಿಲ ಬಿಟ್ಟು, ಮತ್ತೆ ಇಳಿಸುವುದು. ನಡುವೆ ಒಂದು ನಿಮಿಷ ನಡಿಗೆ. ವಾರಕ್ಕೆ ಐದು ದಿನ ಓಡುವ ಅಭ್ಯಾಸ ಇರುವವರು ಇನ್ನೊಂದು ನಿಧಾನದ ದಿನ ಸೇರಿಸಿಕೊಳ್ಳಬಹುದು. ಮೂರನೇ ಜೋರಿನ ದಿನ ಮಾತ್ರ ಬೇಡ.

ಮಂಗಳವಾರದ ಟ್ರ್ಯಾಕ್

ಮೊದಲ ವಾರ 400 ಮೀಟರ್‌ನ ಆರು ಓಟ, ಎರಡನೇ ವಾರ ಎಂಟು. ಒಂದೊಂದರ ನಡುವೆ 90 ಸೆಕೆಂಡು ನಡಿಗೆ ಅಥವಾ ಮೆಲ್ಲನೆ ಓಟ. ಮೂರನೇ ವಾರ 800 ಮೀಟರ್ ನಾಲ್ಕು ಸಲ, ನಡುವೆ ಎರಡೂವರೆ ನಿಮಿಷ ಬಿಡುವು. ನಾಲ್ಕನೇ ವಾರ ಹಗುರ: 400 ಮೀಟರ್ ಐದು ಸಾಕು, ಭಾನುವಾರದ ಓಟವನ್ನೂ ಕಾಲು ಭಾಗ ಇಳಿಸಿ. ಐದನೇ ವಾರ 1000 ಮೀಟರ್ ನಾಲ್ಕು, ಆರನೇ ವಾರ ಐದು. ಬಿಡುವು ಮೂರು ನಿಮಿಷ. ಏಳನೇ ವಾರ 800 ಮೀಟರ್ ಐದು, ಬಿಡುವು ಎರಡೇ ನಿಮಿಷ. ಎಲ್ಲವೂ ಸ್ಪರ್ಧೆಯ ವೇಗದಲ್ಲೇ. 30 ನಿಮಿಷದವರಿಗೆ 400 ಮೀಟರ್‌ಗೆ 2:24, 800ಕ್ಕೆ 4:48, 1000ಕ್ಕೆ 6:00. ಕೊನೆಯ ಎರಡು ವಾರ ಸುತ್ತಿಗೆ ಎರಡು ಮೂರು ಸೆಕೆಂಡು ಇಳಿದರೆ ಸಂತೋಷ. ಇಳಿಸಲೇಬೇಕೆಂಬ ಹಟ ಬೇಡ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ಮೊದಲ 400 ಮೀಟರ್ 2:05ರಲ್ಲಿ ಮುಗಿಯುತ್ತದೆ, ಖುಷಿಯಾಗುತ್ತದೆ, ಕೊನೆಯದು 2:38ಕ್ಕೆ ತೆವಳುತ್ತದೆ. ಸರಾಸರಿ ಸರಿಯಾಗಿಯೇ ಕಾಣಬಹುದು, ಆದರೆ ಸ್ಪರ್ಧೆಯ ವೇಗದಲ್ಲಿ ಓಡಿದ್ದು ಒಂದೋ ಎರಡೋ ಮಾತ್ರ. ಮೊದಲ ಸುತ್ತಿನ ಅತಿ ವೇಗಕ್ಕೆ ಆಮ್ಲಜನಕ ಸಾಲದೆ ತೊಡೆ ಬಿಗಿಯುತ್ತದೆ, ಆ ಬಿಗಿತ ತೊಂಬತ್ತು ಸೆಕೆಂಡಿನಲ್ಲಿ ಇಳಿಯುವುದಿಲ್ಲ. ಇದನ್ನು ತಡೆಯಲು 200 ಮೀಟರ್ ಗೆರೆ ದಾಟುವಾಗ ವಾಚ್ ನೋಡಿ: 72 ಸೆಕೆಂಡು ಇರಬೇಕು. 65 ಇದ್ದರೆ ಆ ಕ್ಷಣವೇ ವೇಗ ಇಳಿಸಿ. ನೋಡಬೇಕಾದ್ದು ಸ್ಟಾಪ್‌ವಾಚ್‌ನ ಸಮಯವನ್ನು, ಜಿಪಿಎಸ್ ಆ ಗಳಿಗೆಗೆ ತೋರಿಸುವ ಪೇಸ್, ಅಂದರೆ ಕಿ.ಮೀ.ಗೆ ತಗಲುವ ಸಮಯವನ್ನು ಅಲ್ಲ. ಟ್ರ್ಯಾಕ್‌ನ ತಿರುವಿನಲ್ಲಿ ಅದು ಏರುಪೇರಾಗುತ್ತಲೇ ಇರುತ್ತದೆ. ಯಾವುದಾದರೂ ಸುತ್ತು ಗುರಿಗಿಂತ ಐದು ಸೆಕೆಂಡಿಗೂ ಹೆಚ್ಚು ತಡವಾದರೆ, ಅದರ ಮುಂದಿನದೂ ಹಾಗೇ ಆದರೆ, ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಿ. ಉಳಿದ ಎರಡು ಸುತ್ತು ಹೇಗಾದರೂ ಮುಗಿಸುವುದರಿಂದ ಲಾಭವಿಲ್ಲ.

ಟೆಂಪೊ ಮತ್ತು ಏರು

ಟೆಂಪೊಗೆ ಸಮತಟ್ಟು ರಸ್ತೆ ಬೇಕು. ಉಡುಪಿ ಕಡೆಯವರಿಗೆ ಪಡುಕೆರೆಯ ಕಡಲ ಬದಿಯ ರಸ್ತೆ, ಮಂಗಳೂರಿನವರಿಗೆ ತಣ್ಣೀರುಬಾವಿ ಕಡೆಯ ರಸ್ತೆ ಒಳ್ಳೆಯದು. 10 ನಿಮಿಷ ನಿಧಾನ, ಆಮೇಲೆ 8 ನಿಮಿಷದ ಟೆಂಪೊ ಎರಡು ಸಲ, ನಡುವೆ 2 ನಿಮಿಷ ಮೆಲ್ಲನೆ. ವಾರ ಕಳೆದಂತೆ 10 ನಿಮಿಷದ ಎರಡು, ಆಮೇಲೆ ಒಂದೇ ಉಸಿರಿಗೆ 20 ನಿಮಿಷ. ಮೂರು ನಾಲ್ಕು ಪದದ ಉತ್ತರ ಕೊಡಲು ಆಗಬೇಕು, ಕಥೆ ಹೇಳಲು ಆಗಬಾರದು.

ಎರಡು ವಾರಕ್ಕೊಮ್ಮೆ ಟೆಂಪೊ ಬದಲು ಏರು. ಕದ್ರಿ, ಬಾವುಟಗುಡ್ಡೆ, ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವ ಕಡೆ: ನಮ್ಮಲ್ಲಿ ಏರಿಗೆ ಬರವಿಲ್ಲ. ವಾಹನ ಕಡಿಮೆ ಇರುವ ಒಳರಸ್ತೆ ಆರಿಸಿ, 45 ಸೆಕೆಂಡು ಹತ್ತಿ, ನಡೆದುಕೊಂಡು ಇಳಿಯಿರಿ. ಆರರಿಂದ ಎಂಟು ಸಲ ಸಾಕು. ಇಳಿಯುವಾಗ ಓಡಿದರೆ ತೊಡೆಯ ಸ್ನಾಯುಗಳಿಗೆ ಪೆಟ್ಟು ಬಿದ್ದು ಭಾನುವಾರದ ಓಟ ಹಾಳಾಗುತ್ತದೆ. ನೋಟ ಹತ್ತು ಹೆಜ್ಜೆ ಮುಂದಿರಲಿ, ಹೆಜ್ಜೆ ಚಿಕ್ಕದಿರಲಿ, ಸೊಂಟದಲ್ಲಿ ಬಗ್ಗಬೇಡಿ.

ಮಲ್ಪೆ, ಪಣಂಬೂರಿನ ಮರಳಿನಲ್ಲಿ ಓಡುವ ಆಸೆ ಎಲ್ಲರಿಗೂ ಇರುತ್ತದೆ. ಇಳಿತದ ಹೊತ್ತಿನ ಗಟ್ಟಿ ಒದ್ದೆ ಮರಳಿನಲ್ಲಿ, ಶೂ ಹಾಕಿಕೊಂಡು, ನಿಧಾನದ ಓಟಕ್ಕೆ ಅಡ್ಡಿಯಿಲ್ಲ. ದಡ ಕಡಲಿನತ್ತ ವಾಲಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ವಾಪಸ್ ಬಂದು ಸರಿದೂಗಿಸಿ. ಸಮಯ ಇಳಿಸುವ ಅಭ್ಯಾಸಕ್ಕೆ ಮರಳು ಬೇಡ.

ಸೆಕೆ ಮತ್ತು ಮಳೆ

ಬೆಂಗಳೂರಿನ ಓಟಗಾರರಿಗೆ ಬರೆದ ಪಟ್ಟಿ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಬನಿಯನ್‌ನಿಂದ ತೊಟ್ಟಿಕ್ಕುತ್ತದೆ, ಮೈಯ ಬಿಸಿ ಒಳಗೇ ಉಳಿಯುತ್ತದೆ. ಆ ಬಿಸಿ ಇಳಿಸಲು ಚರ್ಮದ ಕಡೆಗೂ ರಕ್ತ ಹರಿಯಬೇಕು, ಕಾಲಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆ ಹೆಚ್ಚು ಬಡಿಯುತ್ತದೆ. ನಸುಕಿನಲ್ಲಿ ತಂಪಿದ್ದರೂ ಗಾಳಿಯ ತೇವ ಆಗಲೇ ಹೆಚ್ಚು ಎಂಬುದನ್ನೂ ಮರೆಯಬಾರದು.

ಆದ್ದರಿಂದ ಸೆಕೆಯ ದಿನ ನಿಧಾನದ ಓಟ ಮತ್ತು ಟೆಂಪೊ ಎರಡನ್ನೂ ವಾಚ್ ನೋಡದೆ ಉಸಿರಿನ ಲೆಕ್ಕದಲ್ಲಿ ಓಡಿ. ಟ್ರ್ಯಾಕ್ ದಿನ ವೇಗ ಬದಲಿಸದೆ ತುಣುಕು ಚಿಕ್ಕದು ಮಾಡಿ: 1000 ಮೀಟರ್ ನಾಲ್ಕರ ಬದಲು 400 ಮೀಟರ್ ಹತ್ತು, ಬಿಡುವು ಎರಡು ನಿಮಿಷ. ದೇಹ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಊರಿಗೆ ರಜೆಯಲ್ಲಿ ಬಂದು ಓಡುವವರು ಇದನ್ನು ಗಮನಿಸಬೇಕು. ತಲೆ ಸುತ್ತು, ವಾಕರಿಕೆ, ಸೆಕೆಯಲ್ಲೂ ಚಳಿ ಬಂದ ಹಾಗೆ ಮೈ ಜುಮ್ಮೆನ್ನುವುದು, ಎದೆನೋವು: ಇವುಗಳಲ್ಲಿ ಯಾವುದು ಕಂಡರೂ ಓಟ ನಿಲ್ಲಿಸಿ ನೆರಳಿಗೆ ಬನ್ನಿ, ಮೈಗೆ ನೀರು ಸುರಿದುಕೊಳ್ಳಿ. ಎದೆನೋವಾದರೆ ತಡಮಾಡದೆ ಆಸ್ಪತ್ರೆಗೆ.

ಎಷ್ಟು ನೀರು ಬೇಕೆಂದು ತಿಳಿಯಲು ಭಾನುವಾರದ ಓಟದ ಮೊದಲು ಮತ್ತು ನಂತರ, ಒದ್ದೆ ಬಟ್ಟೆ ಕಳಚಿ ತೂಕ ನೋಡಿ. ಇಳಿದ ಒಂದು ಕಿಲೋ ಎಂದರೆ ಸುಮಾರು ಒಂದು ಲೀಟರ್ ಬೆವರು. ಅದನ್ನು ಒಂದೆರಡು ಗಂಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ತುಂಬಿಕೊಳ್ಳಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಬೆವರಿನಲ್ಲಿ ಹೆಚ್ಚು ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಗಂಜಿ ತಿಳಿಯೋ ಮಜ್ಜಿಗೆಯೋ ಇರಲಿ.

ಮಳೆಗಾಲದಲ್ಲಿ ಇಂಟರ್‌ಲಾಕ್, ಚರಂಡಿ ಮೇಲಿನ ಚಪ್ಪಡಿ ಪಾಚಿ ಹಿಡಿದು, ರಸ್ತೆಯ ಬಿಳಿ ಗೆರೆಗಳು ಒದ್ದೆಯಾಗಿ ಜಾರುತ್ತವೆ. ಜೋರಿನ ಓಟ ಅಲ್ಲಿ ಬೇಡ. ಗುಡುಗು ಕೇಳಿದರೆ ಮೈದಾನ, ಕಡಲ ದಡ ಬಿಟ್ಟು ಒಳಗೆ ಹೋಗಿ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿನಲ್ಲಿ ಓಡಬೇಡಿ, ಇಲಿಜ್ವರ ಹರಡುವುದು ಹಾಗೆಯೇ. ಒದ್ದೆಯಾದ ಶೂವಿನ ಇನ್ಸೋಲ್ ತೆಗೆದು, ಒಳಗೆ ಹಳೆಯ ಪೇಪರ್ ಮುದ್ದೆ ತುರುಕಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ ಫ್ಯಾನ್ ಕೆಳಗಿಡಿ. ಒಲೆಯ ಬದಿಯ ಬಿಸಿಗೆ ಅಂಟು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ಜೊತೆ ಶೂ ಇದ್ದರೆ ಅನುಕೂಲ. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬರುತ್ತದೆ.

ಕಾಲು ಗಟ್ಟಿಯಾಗಲು

ವಾರಕ್ಕೆರಡು ಸಲ ಹದಿನೈದು ನಿಮಿಷ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸಲ, ಅದನ್ನೇ ಮೊಣಕಾಲು ಸ್ವಲ್ಪ ಮಡಚಿ ಮತ್ತೆ ಮೂರು ಸಲ. ಮಡಚಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಕೆಲಸ ಬೀಳುತ್ತದೆ, ಓಡುವಾಗ ಹೆಚ್ಚು ಭಾರ ಹೊರುವುದು ಅದೇ. ಜೊತೆಗೆ ಬಸ್ಕಿ 12ರಂತೆ ಮೂರು. ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನಲ್ಲಿ ಉದ್ದಕ್ಕೂ ನೋವಿದ್ದರೆ ಎರಡು ಮೂರು ದಿನ ಬಿಡುವು ಕೊಟ್ಟು, ಕಿಲೋಮೀಟರ್ ಇಳಿಸಿ. ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿ ನೋಯುತ್ತಿದ್ದರೆ, ಒಂಟಿ ಕಾಲಲ್ಲಿ ಜಿಗಿಯಲು ಆಗದಿದ್ದರೆ, ಎಲುಬಿನಲ್ಲಿ ಬಿರುಕು ಇರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ.

ಸ್ಪರ್ಧೆಯ ವಾರ ಮತ್ತು ಆ ದಿನ

ಎಂಟನೇ ವಾರ ಒಟ್ಟು ದೂರ ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ: ಮಂಗಳವಾರ 400 ಮೀಟರ್ ನಾಲ್ಕು ಮಾತ್ರ. ಹಿಂದಿನ ರಾತ್ರಿ ಕೋರಿ ರೊಟ್ಟಿಯಂಥ ಖಾರದ ಊಟ ಬೇಡ. ಕುಚ್ಚಲಕ್ಕಿ ಗಂಜಿಯೋ ನಿಮಗೆ ಒಗ್ಗಿದ ಸಾದಾ ಊಟವೋ ಸಾಕು. ಬೆಳಗ್ಗೆ ಎದ್ದ ಕೂಡಲೇ 300–400 ಮಿ.ಲೀ. ನೀರು, ಒಂದು ಬಾಳೆಹಣ್ಣು, ರೂಢಿ ಇದ್ದರೆ ಕಾಫಿ. ಅರ್ಧ ಗಂಟೆಯ ಓಟದ ನಡುವೆ ನೀರು ಕುಡಿಯಲೇಬೇಕೆಂದಿಲ್ಲ.

ಹತ್ತು ನಿಮಿಷ ನಿಧಾನದ ಓಟ, ನಾಲ್ಕು ಸ್ಟ್ರೈಡ್ಸ್. ಹೊರಡುವ ಐದೆಂಟು ನಿಮಿಷ ಮೊದಲು ಮುಗಿಯಲಿ. ಗುರಿ 29:00 ಎಂದರೆ ಸರಾಸರಿ 5:48. ಮೊದಲ ಕಿ.ಮೀ. 5:51ರಲ್ಲಿ ಹೋಗಿ, ನಂತರದ ಮೂರು 5:48ರಲ್ಲಿ, ಕೊನೆಯದಕ್ಕೆ 5:45 ಉಳಿಯುತ್ತದೆ. ಜನಜಂಗುಳಿಯ ಹುರುಪಿನಲ್ಲಿ ಮೊದಲ ಕಿ.ಮೀ. 5:25ಕ್ಕೆ ಮುಗಿಸಿದವರು ಅಲ್ಲಿ ಉಳಿಸಿದ ಸೆಕೆಂಡುಗಳಿಗಿಂತ ಹೆಚ್ಚನ್ನು ನಾಲ್ಕನೆಯದರಲ್ಲಿ ಕಳೆದುಕೊಳ್ಳಬಹುದು. ಸಮಯ ಸದ್ದಿಲ್ಲದೆ ಸೋರುವುದು ಮೂರನೇ ಕಿಲೋಮೀಟರ್‌ನಲ್ಲಿ. ದಣಿವು ಬಂದಿರುತ್ತದೆ, ಮುಕ್ತಾಯ ಕಾಣುತ್ತಿರುವುದಿಲ್ಲ. ಅಲ್ಲಿ ಮುಂದಿರುವ ಒಬ್ಬರನ್ನು ಗುರುತಿಟ್ಟು ಅಂತರ ಮುಚ್ಚುತ್ತಾ ಹೋಗಿ. ಮಣಿಪಾಲದಂಥ ಏರಿಳಿತದ ದಾರಿಯಲ್ಲಾದರೆ ಈ ಲೆಕ್ಕ ಬಿಟ್ಟು ಉಸಿರು ಒಂದೇ ಸಮ ಇಡಿ; ಏರಿನಲ್ಲಿ ಹೋದ ಸೆಕೆಂಡುಗಳನ್ನು ಏರಿನಲ್ಲೇ ಹಿಡಿಯಲು ಹೋಗಬೇಡಿ.

ವಾಚ್‌ನ ಸರಾಸರಿ ಪೇಸ್ ನಂಬಿ ಮೋಸ ಹೋಗುವವರು ಬಹಳ. ದಾರಿ ಅಳೆಯುವುದು ತಿರುವುಗಳ ಒಳ ಅಂಚಿನ ಅತಿ ಹತ್ತಿರದ ಗೆರೆಯಲ್ಲಿ. ನೀವು ರಸ್ತೆ ಮಧ್ಯದಲ್ಲಿ ಓಡಿದ್ದೀರಿ, ಕಟ್ಟಡಗಳ ನಡುವೆ ಜಿಪಿಎಸ್ ಕೂಡ ಸ್ವಲ್ಪ ತಪ್ಪಿದೆ, ಕೊನೆಗೆ ವಾಚ್ 5.07 ಕಿ.ಮೀ. ತೋರಿಸುತ್ತದೆ. ಅದರಲ್ಲಿ ಪೇಸ್ 5:48 ಎಂದಿದ್ದರೂ ಫಲಿತಾಂಶದಲ್ಲಿ ಬರುವುದು 29:24. ಆಟೊ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಕಿ.ಮೀ. ಫಲಕ ದಾಟುವಾಗ ನೀವೇ ಬಟನ್ ಒತ್ತಿ. ತಿರುವುಗಳನ್ನು ಒಳ ಅಂಚಿನಲ್ಲಿ ತೆಗೆದುಕೊಳ್ಳಿ.

ಮುಗಿದ ಮೇಲೆ ನಿಲ್ಲದೆ ಹತ್ತು ನಿಮಿಷ ನಡೆಯಿರಿ. ಒಂದು ವಾರ ನಿಧಾನದ ಓಟ ಮಾತ್ರ. 28:45 ಬಂದಿದ್ದರೆ ಮುಂದಿನ ಎಂಟು ವಾರಕ್ಕೆ ಸ್ಪರ್ಧೆಯ ವೇಗ 5:45, ಟ್ರ್ಯಾಕ್‌ನಲ್ಲಿ ಒಂದು ಸುತ್ತಿಗೆ 2:18, 200 ಮೀಟರ್ ಗೆರೆಯಲ್ಲಿ 69 ಸೆಕೆಂಡು. ನಿಧಾನದ ಓಟದಲ್ಲಿ ಮಾತ್ರ ಕಿ.ಮೀ. ಸಮಯವನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಇಳಿಸಬೇಡಿ.