ಮೂರರಲ್ಲೊಂದು ಪಾಲು ಸಿಬ್ಬಂದಿಯಲ್ಲಿ ಕಚೇರಿ ನಡೆಸಿದ ನನ್ನ ಅನುಭವ

2020ರ ಏಪ್ರಿಲ್ ಮಧ್ಯದಲ್ಲಿ, ಕೊರೊನಾ ಲಾಕ್‌ಡೌನ್ ನಡೆಯುತ್ತಿದ್ದಾಗ, ಕೇಂದ್ರ ಗೃಹ ಇಲಾಖೆಯ ಮಾರ್ಗಸೂಚಿ ಬಂತು. ಅದರಲ್ಲಿ ರಾಜ್ಯ ಸರ್ಕಾರಿ ಕಚೇರಿಗಳ ಬಗ್ಗೆ ಇದ್ದಿದ್ದು ಒಂದೆರಡು ಸಾಲು ಅಷ್ಟೇ. ಎ ಮತ್ತು ಬಿ ಗ್ರೂಪ್ ಅಧಿಕಾರಿಗಳು ಅಗತ್ಯ ಇದ್ದಂತೆ ಬರಬೇಕು, ಸಿ ಗ್ರೂಪ್ ಮತ್ತು ಅದರ ಕೆಳಗಿನವರು ಶೇ 33ರವರೆಗೆ ಬರಬಹುದು. ನಾನು ಆಗ ಹಾವೇರಿಯ ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಅಧೀಕ್ಷಕ. ಆ ಸಾಲನ್ನು ಡ್ಯೂಟಿ ಪಟ್ಟಿಯಾಗಿ ಮಾಡುವ ಕೆಲಸ ನನ್ನ ಟೇಬಲ್ಲಿಗೆ ಬಂತು.

ಮೊದಲು ಮಾಡಿದ್ದು ಕಳೆಯುವ ಲೆಕ್ಕ. ನಮ್ಮಲ್ಲಿ ಎಫ್‌ಡಿಎ, ಎಸ್‌ಡಿಎ (ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರು), ಡಿ ಗ್ರೂಪ್, ಹೊರಗುತ್ತಿಗೆ ಆಪರೇಟರ್‌ಗಳು ಎಲ್ಲಾ ಸೇರಿ ಮೂವತ್ತರ ಆಸುಪಾಸು ಜನ. ಅವರಲ್ಲಿ ಕೆಲವರನ್ನು ಆಗಲೇ ಕಂಟ್ರೋಲ್ ರೂಮಿಗೆ, ಚೆಕ್‌ಪೋಸ್ಟಿಗೆ ಹಾಕಿದ್ದರು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಪಾಸು ತೆಗೆದುಕೊಂಡು ಹೊರರಾಜ್ಯದಿಂದ ಜನ ಬರೋಕೆ ಶುರುವಾದ ಮೇಲೆ ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು, ಅಲ್ಲಿಗೂ ನಮ್ಮವರೇ ಹೋದರು. ಗರ್ಭಿಣಿಯರನ್ನು ಮತ್ತು ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರನ್ನು ಪಟ್ಟಿಯಿಂದ ಬಿಡಬೇಕಿತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ಯಾರಿಗೆ ಏನು ಕಾಯಿಲೆ ಅಂತ ಸಭೆಯಲ್ಲಿ ಕೇಳಬೇಡಿ. ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿ. ಪಟ್ಟಿಯಲ್ಲಿ 'ವಿನಾಯಿತಿ' ಅಂತ ಮಾತ್ರ ಬರೆಯಿರಿ, ಕಾರಣ ಬರೆಯಬೇಡಿ. ಆ ಪಟ್ಟಿ ಗೋಡೆ ಮೇಲೆ ಇರುತ್ತೆ, ಎಲ್ಲರೂ ಓದುತ್ತಾರೆ. ಹಾಗೆ ಕೇಳಿದ್ದಕ್ಕೇ ಮನೆಯವರಿಗೂ ಹೇಳದ ವಿಷಯವನ್ನು ಒಬ್ಬರು ನನಗೆ ಹೇಳಿದರು.

ಉಳಿದವರನ್ನು ಹಂಚುವಾಗ ಎಲ್ಲರೂ ಕೇಳಿದ್ದು ದಿನ ಬಿಟ್ಟು ದಿನದ ಡ್ಯೂಟಿ. ನಾನು ಒಪ್ಪಲಿಲ್ಲ. ಸೋಂಕು ತಗುಲಿದರೆ ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಐದಾರು ದಿನ, ಕೆಲವರಲ್ಲಿ 14 ದಿನದವರೆಗೂ ಆಗುತ್ತೆ ಅಂತ ಆಗ ಎಲ್ಲಾ ಕಡೆ ಹೇಳುತ್ತಿದ್ದರು. ಹೆಸರುಗಳನ್ನು ದಿನಾ ಅದಲುಬದಲು ಮಾಡುತ್ತಾ ಹೋದರೆ ಒಂದು ತಿಂಗಳಲ್ಲಿ ಎಲ್ಲರೂ ಎಲ್ಲರ ಪಕ್ಕ ಕೂತಿರುತ್ತಾರೆ, ಒಬ್ಬರಿಗೆ ಪಾಸಿಟಿವ್ ಬಂದರೆ ಇಡೀ ಕಚೇರಿ ಪ್ರಾಥಮಿಕ ಸಂಪರ್ಕ ಆಗಿ ಮನೆಯಲ್ಲಿ ಕೂರಬೇಕಾಗುತ್ತೆ, ಬೀಗ ಹಾಕೋದೊಂದೇ ಬಾಕಿ. ಅದಕ್ಕೆ ಮೂರು ಬ್ಯಾಚ್ ಮಾಡಿದೆ. ಒಂದು ಬ್ಯಾಚ್ ಒಂದು ವಾರ ಪೂರ್ತಿ ಬರುತ್ತೆ, ಆಮೇಲೆ ಎರಡು ವಾರ ಮನೆ. ಎರಡು ವಾರ ಅಂದರೆ ಅದೇ 14 ದಿನ. ಯಾರಿಗಾದರೂ ಸೋಂಕು ಬಂದಿದ್ದರೆ ಮನೆಯಲ್ಲಿದ್ದಾಗಲೇ ಗೊತ್ತಾಗುವ ಸಾಧ್ಯತೆ ಜಾಸ್ತಿ, ಉಳಿದ ಎರಡು ಬ್ಯಾಚಿಗೆ ಅದರ ಬಿಸಿ ತಟ್ಟೋದಿಲ್ಲ. ಶೇ 33 ಅನ್ನೋ ಆದೇಶವೂ ಸರಿಹೋಯಿತು.

ಬ್ಯಾಚ್ ಮಾಡೋದೇ ಕಷ್ಟದ ಕೆಲಸ. ನಮ್ಮವರು ರಾಣೆಬೆನ್ನೂರು, ಬ್ಯಾಡಗಿ, ಶಿಗ್ಗಾಂವಿಯಿಂದ ಬರುತ್ತಾರೆ, ಕೆಲವರು ಹುಬ್ಬಳ್ಳಿಯಿಂದಲೇ ದಿನಾ ಓಡಾಡುತ್ತಾರೆ. ಬಸ್ಸು ಮತ್ತೆ ಓಡಿದ್ದು ಮೇ 19ರಿಂದ. ಅಲ್ಲಿಯವರೆಗೆ ಬೈಕು ಇಲ್ಲಾ ಯಾರದಾದರೂ ಕಾರು. ಜಿಲ್ಲೆಯ ಗಡಿ ದಾಟೋಕೆ ಪಾಸು ಬೇರೆ. ಸೋಂಕಿನ ಅಪಾಯ ನೋಡಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸಿದ ಏಪ್ರಿಲ್ ಕೊನೆಯ ಪಟ್ಟಿಯಲ್ಲಿ ಹುಬ್ಬಳ್ಳಿ ಇರುವ ಧಾರವಾಡ ಜಿಲ್ಲೆ ಕಿತ್ತಳೆ ವಲಯ, ಹಾವೇರಿ ಹಸಿರು ವಲಯ. ಹುಬ್ಬಳ್ಳಿಯವರು ಬಂದರೆ ಇಲ್ಲಿಯವರಿಗೆ ಭಯ. 'ಸರ, ಅವರ ಬಾಜೂ ನಮ್ಮ ಟೇಬಲ್ ಹಾಕಬ್ಯಾಡ್ರಿ' ಅಂತ ಒಬ್ಬರು ನೇರವಾಗಿಯೇ ಕೇಳಿದರು. ಆ ಮಾತಿಗೆ ನಾನು ಸಿಟ್ಟಾಗಲಿಲ್ಲ, ಅವರ ಮನೆಯಲ್ಲಿ ವಯಸ್ಸಾದ ತಾಯಿ ಇದ್ದರು.

ಹಾಗಾಗಿ ಎರಡು ನಿಯಮ ಹಾಕಿಕೊಂಡೆ. ಒಂದೇ ಗಾಡಿಯಲ್ಲಿ ಬರುವವರು ಒಂದೇ ಬ್ಯಾಚ್. ಒಂದೇ ಕೆಲಸ ಗೊತ್ತಿರುವವರು ಬೇರೆ ಬೇರೆ ಬ್ಯಾಚ್. ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ, ಯಾಕಂದರೆ ಒಂದೇ ಶಾಖೆಯವರು ಒಂದೇ ಕಾರಿನಲ್ಲಿ ಬರೋದು ರೂಢಿ. ಅಡ್ಡ ಬಂದಾಗ ನಾನು ಗಾಡಿಯ ನಿಯಮಕ್ಕೇ ಗಟ್ಟಿಯಾಗಿ ನಿಂತೆ. ಕಾರಿನಲ್ಲಿ ಒಂದೂವರೆ ಗಂಟೆ ಮೈಗೆ ಮೈ ತಾಗಿಸಿ ಕೂತು ಬಂದು, ಕಚೇರಿಯಲ್ಲಿ ಆರು ಅಡಿ ದೂರ ಕೂತರೆ ಏನು ಪ್ರಯೋಜನ? ಕೆಲಸ ಗೊತ್ತಿರೋ ಇನ್ನೊಬ್ಬರು ಬೇರೆ ಬ್ಯಾಚಿನಲ್ಲಿ ಇಲ್ಲದಿದ್ದರೆ ಅವರನ್ನು ತಯಾರು ಮಾಡಿದೆವು. ಮುಖ್ಯವಾಗಿ ಸಂಬಳದ ಬಿಲ್ಲು. ನೌಕರರ ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ಲು ಮಾಡಿ, ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ಕ್ಕೆ ಕಳಿಸೋದು ನಮ್ಮಲ್ಲಿ ಒಬ್ಬರಿಗೇ ಗೊತ್ತಿತ್ತು. ಅದೇ ರೀತಿ ನಿವೃತ್ತಿ ಕಡತಗಳು, ಕೋರ್ಟ್ ಕೇಸುಗಳು. ಏಪ್ರಿಲ್‌ನಲ್ಲಿ ಜನ ಕಡಿಮೆ ಬರುತ್ತಿದ್ದರಲ್ಲ, ಆ ಬಿಡುವನ್ನೆಲ್ಲ ಈ ಜೋಡಿ ತಯಾರು ಮಾಡೋಕೇ ಬಳಸಿದೆವು. ಮುಂದೆ ಸಂಬಳದ ಬಿಲ್ಲು ಮಾಡುವವರು ಸೋಂಕಾಗಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಸೇರಿದಾಗ ಯಾರ ಸಂಬಳವೂ ತಡವಾಗಲಿಲ್ಲ. ಅವರಿಗೂ ಫೋನ್ ಮಾಡಿ ಪಾಸ್‌ವರ್ಡ್ ಕೇಳುವ ಪರಿಸ್ಥಿತಿ ಬರಲಿಲ್ಲ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತೆ. ಆಕ್ಸಿಜನ್ ಹಾಕಿಕೊಂಡು ಮಲಗಿದವರಿಗೆ ಕಚೇರಿಯಿಂದ ಫೋನ್ ಹೋಗಬಾರದು.

ಬ್ಯಾಚುಗಳು ಪರಸ್ಪರ ಭೇಟಿಯಾಗುವ ಹಾಗಿರಲಿಲ್ಲ. ಅದಕ್ಕೆ ಪ್ರತಿ ಶಾಖೆಗೆ ಒಂದು ದಪ್ಪ ನೋಟ್‌ಬುಕ್ ಇಟ್ಟೆವು. ಯಾವ ಕಡತ, ಯಾವ ಕಪಾಟು, ಎಷ್ಟನೇ ಸಾಲು, ಏನು ಬಾಕಿ, ಕೊನೆ ದಿನ ಯಾವುದು, ಇಷ್ಟು ಸಾಕು. ಶನಿವಾರ ಸಂಜೆ ಬರೆದಿಟ್ಟು ಹೋಗಬೇಕು, ಸೋಮವಾರ ಬಂದವರು ಓದಿ ಸಹಿ ಹಾಕಬೇಕು.

ಮನೆಯಿಂದ ಕೆಲಸದ ವಿಷಯ. ಕಡತವನ್ನು ಮನೆಗೆ ಕೊಡೋಕಾಗಲ್ಲ. ಕರಡು ಪತ್ರ, ವರದಿ, ಅಂಕಿ-ಅಂಶದ ಪಟ್ಟಿ, ಇವನ್ನು ಮಾತ್ರ ಕೊಟ್ಟೆವು. ಶುರುವಿನಲ್ಲಿ ಅದೂ ಓಡಲಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶವಾದ 'ನುಡಿ'ಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಸಾಹೇಬರ ಮೊಬೈಲಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಮನೆಯಿಂದ ಬರೋದೆಲ್ಲ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲಾ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರದಲ್ಲಿ, ಇರಬೇಕು ಅಂತ ಮಾಡಿದ ಮೇಲೆ ಮೊಬೈಲಿನಲ್ಲೇ ಓದಿ ತಿದ್ದೋಕೆ ಬಂತು. ಕಂಪ್ಯೂಟರ್ ಇಲ್ಲದವರೂ ಫೋನಿನಲ್ಲೇ ಟೈಪ್ ಮಾಡಿದರು.

ಸ್ಯಾನಿಟೈಸರ್, ಥರ್ಮಲ್ ಗನ್, ಬಾಗಿಲಿಗೆ ಅಡ್ಡ ಟೇಬಲ್ ಹಾಕಿ ಅಲ್ಲೇ ಟಪಾಲು ತೆಗೆದುಕೊಳ್ಳೋದು, ಇವೆಲ್ಲ ಎಲ್ಲಾ ಕಚೇರಿಗಳಲ್ಲೂ ಇದ್ದವು. ಬಯೋಮೆಟ್ರಿಕ್ ನಿಲ್ಲಿಸಿ ಹಾಜರಿ ಪುಸ್ತಕಕ್ಕೆ ಬಂದಾಗ ಅವರವರ ಪೆನ್ನು ಅವರೇ ತರಬೇಕು ಅಂತ ಹೇಳಿದೆವು.

ನಿಜವಾದ ಅಪಾಯ ಇದ್ದಿದ್ದು ಮಧ್ಯಾಹ್ನದ ಊಟದಲ್ಲಿ. ನಮ್ಮ ಕಡೆ ಡಬ್ಬಿ ಬಿಚ್ಚಿದರೆ ಒಬ್ಬರೇ ಉಣ್ಣೋದು ಅಂತ ಇಲ್ಲ. ಒಬ್ಬರ ರೊಟ್ಟಿ, ಇನ್ನೊಬ್ಬರ ಬದನೆಕಾಯಿ ಎಣ್ಣೆಗಾಯಿ, ಮತ್ತೊಬ್ಬರ ಶೇಂಗಾ ಚಟ್ನಿ, ಎಲ್ಲಾ ನಡುವೆ ಇಟ್ಟು ಸುತ್ತ ಕೂರೋದು. ಬೆಳಗಿನಿಂದ ಮಾಸ್ಕ್ ಹಾಕಿದವರು ಆ ಅರ್ಧ ಗಂಟೆ ಮಾಸ್ಕ್ ತೆಗೆದು, ಮುಖಾಮುಖಿ ಕೂತು, ಜೋರಾಗಿ ಮಾತಾಡ್ತಾರೆ. ಇದನ್ನು ನಿಲ್ಲಿಸಿ ಅಂತ ಸುತ್ತೋಲೆ ಹಾಕಿದರೆ ಯಾರೂ ಕೇಳೋದಿಲ್ಲ, ಬೇಜಾರು ಮಾತ್ರ ಮಾಡಿಕೊಳ್ಳುತ್ತಾರೆ. ಊಟದ ಕೋಣೆಗೆ ಬೀಗ ಹಾಕಿದೆವು, ಹೊರಗೆ ಮರದ ಕೆಳಗೆ ಕುರ್ಚಿಗಳನ್ನು ದೂರ ದೂರ ಹಾಕಿಸಿದೆವು. ಡಬ್ಬಿ ಅವರವರದು, ಮಾತು ಎಲ್ಲರದು. ಮಳೆಗಾಲ ಬಂದಾಗ ವರಾಂಡಕ್ಕೆ ಬಂದೆವು. ಡಿ ಗ್ರೂಪಿನ ಹಿರಿಯ ಬಾಯಾರೊಬ್ಬರು ಈ ಕುರ್ಚಿಗಳ ಉಸ್ತುವಾರಿ ವಹಿಸಿಕೊಂಡರು, ಯಾರಾದರೂ ಕುರ್ಚಿ ಹತ್ತಿರ ಎಳೆದರೆ ಅವರು 'ಅಲ್ಲೇ ಕುಂಡ್ರಿ ಅಣ್ಣಾರ' ಅಂದರೆ ಸಾಕಿತ್ತು.

2021ರ ಎರಡನೇ ಅಲೆ ಹೊತ್ತಿಗೆ ಗಾಳಿಯ ಮೂಲಕ ಹರಡುವ ವಿಷಯ ಜಾಸ್ತಿ ಸ್ಪಷ್ಟವಾಗಿತ್ತು. ಕಡತ ಒರೆಸೋದಕ್ಕೆ ಹಾಕುತ್ತಿದ್ದ ಶ್ರಮವನ್ನು ಕಿಟಕಿಗೆ ಹಾಕಿದೆವು. ಕಪಾಟು ಅಡ್ಡ ಇಟ್ಟು ಮುಚ್ಚಿಹೋಗಿದ್ದ ಕಿಟಕಿಗಳನ್ನು ತೆರೆಸಿದೆವು. ಆಗ ನಮ್ಮಲ್ಲಿ ಅರ್ಧರ್ಧ, ಎರಡೇ ಬ್ಯಾಚ್. ಲಸಿಕೆಗೂ ಪಟ್ಟಿ ಬೇಕಾಯಿತು, ಯಾಕಂದರೆ ಚುಚ್ಚಿಸಿಕೊಂಡ ಮರುದಿನ ಹಲವರಿಗೆ ಜ್ವರ. ಹಾಗಾಗಿ ಒಂದು ಶಾಖೆಯವರೆಲ್ಲ ಒಂದೇ ದಿನ ಹೋಗುವಂತಿಲ್ಲ. ಮೇ ತಿಂಗಳಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರ ಅಂತ ಬದಲಾದಾಗ ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕಾಯಿತು.

ಹೊರಗುತ್ತಿಗೆಯವರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಾಯಂ ನೌಕರ ಮನೆಯಲ್ಲಿದ್ದರೆ ಸಂಬಳಕ್ಕೆ ತೊಂದರೆ ಇಲ್ಲ. ಆಪರೇಟರ್‌ಗೆ ಹಾಗಲ್ಲ. ತಿಂಗಳ ಕೊನೆಗೆ ನಾವು ಕೊಡುವ ಹಾಜರಿ ಪತ್ರ ನೋಡಿ ಏಜೆನ್ಸಿ ದುಡ್ಡು ಕೊಡುತ್ತೆ. ಮನೆಯಲ್ಲಿದ್ದ ವಾರವನ್ನು ಗೈರು ಅಂತ ಬರೆದರೆ ಮೂರರಲ್ಲಿ ಎರಡು ಪಾಲು ಸಂಬಳ ಹೋಯಿತು. ಕೇಂದ್ರದ ಹಣಕಾಸು ಇಲಾಖೆ 2020ರ ಮಾರ್ಚ್‌ನಲ್ಲೇ ತನ್ನ ಕಚೇರಿಗಳ ಹೊರಗುತ್ತಿಗೆಯವರು ಲಾಕ್‌ಡೌನಿನಲ್ಲಿ ಮನೆಯಲ್ಲಿದ್ದರೂ ಕರ್ತವ್ಯದಲ್ಲಿದ್ದಾರೆ ಅಂತಲೇ ಪರಿಗಣಿಸಬೇಕು ಎಂದಿತ್ತು. ಅದು ನಮಗೆ ನೇರವಾಗಿ ಅನ್ವಯಿಸದಿದ್ದರೂ ಅದರ ಪ್ರತಿ ಲಗತ್ತಿಸಿ ಸಾಹೇಬರ ಮುಂದೆ ಟಿಪ್ಪಣಿ ಇಟ್ಟೆ. ಬ್ಯಾಚ್ ಪಟ್ಟಿ ನಾವೇ ಮಾಡಿದ್ದು, ಮನೆಯಲ್ಲಿರಿ ಅಂತ ಹೇಳಿದ್ದೂ ನಾವೇ ಅಂತ ಬರೆದೆ. ಒಪ್ಪಿಗೆ ಸಿಕ್ಕಿತು. ಏಜೆನ್ಸಿಯವರು ಮೊದಲು ತಕರಾರು ಮಾಡಿದರು, ಆ ಟಿಪ್ಪಣಿಯ ಆದೇಶ ತೋರಿಸಿದ ಮೇಲೆ ಪೂರ್ತಿ ತಿಂಗಳಿನ ಸಂಬಳ ಕೊಟ್ಟರು. ಮುಂದೆ ಯಾರಾದರೂ ಇಂಥ ಪಟ್ಟಿ ಮಾಡುವ ಪ್ರಸಂಗ ಬಂದರೆ ಈ ಆದೇಶವನ್ನು ಮೊದಲು ಮಾಡಿಸಿಕೊಂಡು, ಆಮೇಲೆ ಬ್ಯಾಚ್ ಬರೆಯೋಕೆ ಕೂರಿ.